ದೆವ್ವದ ಕಥೆಗೊಬ್ಬಳು ವೈನಿ ಬೇಕು

ದೆವ್ವದ ಕಥೆ ಎಂದರೆ ನನಗೆ ಪ್ರಾಣ. ಹಾಳು ಬಂಗಲೆ, ಬೀಗ ಹಾಕಿದ ಕೋಣೆ, ನಡುರಾತ್ರಿಯ ಗೆಜ್ಜೆ ಸಪ್ಪಳ, ಇಂಗ್ಲಿಷಿನವರು 'ಗಾಥಿಕ್' ಎಂದು ಕರೆಯುವ ಈ ಸರಕೆಲ್ಲ ನನಗೂ ಇಷ್ಟವೇ. ನನ್ನ ಜಗಳವೇನಿದ್ದರೂ ಕಥೆಗಾರರ ಜೊತೆ. ಮೂಲೆಯಲ್ಲಿ ನಿಂತು "ದೆವ್ವವೂ ಇಲ್ಲ, ಗಿವ್ವವೂ ಇಲ್ಲ" ಎನ್ನುವ ಪಾತ್ರವನ್ನು ಅವರು ನಡೆಸಿಕೊಳ್ಳುವ ರೀತಿ ನನಗೆ ಸೇರುವುದಿಲ್ಲ.

ಆ ಪಾತ್ರದ ಹಣೆಬರಹ ನಿಮಗೂ ಗೊತ್ತು. ಮೊದಲು ನಗುತ್ತಾನೆ, ಆಮೇಲೆ ನಡುಗುತ್ತಾನೆ, ಕೊನೆಗೆ ಕೈಮುಗಿಯುತ್ತಾನೆ. 1979ರ 'ನಾ ನಿನ್ನ ಬಿಡಲಾರೆ' ಚಿತ್ರದಲ್ಲಂತೂ ನಾಸ್ತಿಕ ನಾಯಕನ ಮೈಮೇಲೆಯೇ ದೆವ್ವ ಬರಿಸಿದರು; ರಾಯರ ಕೃಪೆಯಿಂದಲೇ ಅವನಿಗೆ ಬಿಡುಗಡೆ. ರಾಯರ ಮೇಲಿನ ಭಕ್ತಿಗೆ ನನ್ನ ತಕರಾರಿಲ್ಲ. ಸಂಶಯಪಟ್ಟದ್ದೇ ಅಪರಾಧವೆಂಬಂತೆ ಶಿಕ್ಷೆ ಕೊಡುವುದೇಕೆ?

2004ರ 'ಆಪ್ತಮಿತ್ರ' ಎಷ್ಟೋ ಮೇಲು. ಸೌಂದರ್ಯ ಅವರ ಗಂಗೆಗೆ ಬಂದದ್ದು ಮನಸ್ಸಿನ ಕಾಯಿಲೆ ಎಂದು ವಿಷ್ಣುವರ್ಧನ್ ಅವರ ಮನೋವೈದ್ಯ ಕಂಡುಹಿಡಿಯುತ್ತಾನೆ. ಸಂತೋಷ. ಆದರೆ ಅಲ್ಲಿಯೂ ಪ್ರಶ್ನೆ ಕೇಳುವವನು ಗಂಡಸು, ಮೈಮೇಲೆ ಬರುವುದು ಹೆಂಗಸಿಗೆ.

ನಮ್ಮ ಮನಗೂಳಿಯ ಓಣಿಗಳಲ್ಲಿ ಹೀಗಿಲ್ಲ. ಸೊಸೆ ಹಲ್ಲು ಕಚ್ಚಿ ಬಿದ್ದಳೆಂದರೆ "ಗಾಳಿ ಬಡದೈತಿ" ಎನ್ನುವವರ ನಡುವೆ ಒಬ್ಬಳು ವೈನಿ ಇದ್ದೇ ಇರುತ್ತಾಳೆ. "ಅತ್ತಿ, ಆಕಿ ಮುಂಜಾನಿಂದ ರೊಟ್ಟಿ ತಿಂದಾಳೇನು? ರಾತ್ರಿ ಕೂಸು ನಿದ್ದಿ ಮಾಡಗೊಟ್ಟೈತೇನು? ಗಂಡ ಏನರ ಅಂದಾನೇನು?" ಈ ಮೂರು ಪ್ರಶ್ನೆಗೆ ಓಡಿಹೋದ ದೆವ್ವಗಳನ್ನು ನಾನು ಬಲ್ಲೆ. ಶಾಲೆಯ ಮುಖ ನೋಡದ ಈ ವೈನಿಯನ್ನು ಮಾತ್ರ ನಮ್ಮ ದೆವ್ವದ ಕಥೆಗಳಲ್ಲಿ ಕಂಡಿಲ್ಲ.

ಇಂಥವಳು ಬಂದರೆ ಕಥೆಯ ಸ್ವಾರಸ್ಯ ಕೆಡುತ್ತದೆ ಎನ್ನಬಹುದು. ಹೆನ್ರಿ ಜೇಮ್ಸ್ 1898ರಲ್ಲಿ ಬರೆದ 'ದಿ ಟರ್ನ್ ಆಫ್ ದಿ ಸ್ಕ್ರೂ' ನೋಡಿ. ಮಕ್ಕಳಿಗೆ ಪಾಠ ಹೇಳುವ ತರುಣಿ ಕೆರೆಯಾಚೆ ದೆವ್ವವನ್ನು ತೋರಿಸಿದಾಗ, ಓದುಬರಹ ಬಾರದ ಮನೆವಾಳ್ತೆಯ ಮಿಸೆಸ್ ಗ್ರೋಸ್ ತನಗೇನೂ ಕಾಣುತ್ತಿಲ್ಲ ಎಂದುಬಿಡುತ್ತಾಳೆ. ಮುಂದೆ ಅವಳ ಮನಸ್ಸೂ ಹೊಯ್ದಾಡುತ್ತದೆ, ನಿಜ. ಆದರೆ ಅವಳೊಡನೆ ಆ ಮನೆ ಬಿಟ್ಟ ಹುಡುಗಿ ಉಳಿಯುತ್ತಾಳೆ. ತರುಣಿಯ ಬಳಿ ಉಳಿದ ಹುಡುಗ ಸಾಯುತ್ತಾನೆ. ಅಲ್ಲಿ ದೆವ್ವವಿತ್ತೋ ಇಲ್ಲವೋ ಎಂದು ಓದುಗರು ಇಂದಿಗೂ ವಾದಿಸುತ್ತಾರೆ. ಸ್ವಾರಸ್ಯ ಎಲ್ಲಿ ಕೆಟ್ಟಿತು?

ನಮ್ಮ ತ್ರಿವೇಣಿಯವರು 'ಶರಪಂಜರ'ದಲ್ಲಿ ದೆವ್ವವಿಲ್ಲದೆಯೇ ನಡುಗಿಸಲಿಲ್ಲವೇ? ಗುಣವಾಗಿ ಬಂದ ಕಾವೇರಿಯನ್ನು ಹುಚ್ಚಿಯೆಂದೇ ನೋಡುವ ಕಣ್ಣುಗಳಿಗಿಂತ ಭಯಂಕರವಾದ ಭೂತ ಯಾವುದು?

ಇದು ಬರೀ ಕಥೆಯ ಮಾತೆಂದು ತಳ್ಳಿಹಾಕಬೇಡಿ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಬಡಿಯುವುದು ಅಪರಾಧವೆಂದು ನಮ್ಮ ರಾಜ್ಯ 2017ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಅದು ಜಾರಿಗೆ ಬಂದದ್ದು 2020ರಲ್ಲಿ. ಆದರೆ ಕಾಯ್ದೆ ಇರುವುದು ಠಾಣೆಯಲ್ಲಿ, ಬಡಿಯಲು ಎತ್ತಿದ ಕೈ ಇರುವುದು ಮನೆಯೊಳಗೆ. ಪೊಲೀಸರು ಬರುವ ಮೊದಲು ಆ ಕೈ ಹಿಡಿಯಬೇಕಾದವಳು ವೈನಿ. ಸಂಶಯಪಟ್ಟವರು ಕಡೆಗೆ ಸೋತು ಕೈಮುಗಿಯುವುದನ್ನೇ ಪರದೆಯ ಮೇಲೆ ನೋಡುತ್ತ ಬೆಳೆದವಳು, ಆ ಗಳಿಗೆಯಲ್ಲಿ ಬಾಯಿ ತೆರೆದಾಳೇ?

ಕಥೆಗಾರರೇ, ನಿಮ್ಮ ದೆವ್ವ ನಿಮಗಿರಲಿ. ನಮ್ಮ ವೈನಿಗೂ ಅಲ್ಲಿ ನಾಲ್ಕು ಮಾತು ಕೊಡಿ, ಕೊನೆಯಲ್ಲಿ ಅವಳ ಬಾಯಿ ಕಟ್ಟಬೇಡಿ.