ಪೊಟ್ಟಣದಲ್ಲಿ ಅಡಗಿರುವ ಸಿಹಿ



ಚಹಾಕ್ಕೆ ಬೆರೆಸುವ ಸಕ್ಕರೆ ನಮ್ಮ ಕಣ್ಣಿಗೆ ಕಾಣುತ್ತದೆ. ಒಂದು ಚಮಚ ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ. ಪೊಟ್ಟಣದೊಳಗೆ ಅಡಗಿ ಮನೆಗೆ ಬರುವ ಸಕ್ಕರೆಯ ಮಾತು ಬೇರೆ. ಸಕ್ಕರೆ ಕಾರ್ಖಾನೆಯ ನೆರೆಯವರಿಗೂ ಅದರ ಗುರುತು ಹತ್ತುವುದು ಕಷ್ಟ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಎಂದು ಅಲ್ಲಿ ಅದಕ್ಕೆ ಹಲವು ಹೆಸರುಗಳು. ಮಾಲ್ಟೊಡೆಕ್ಸ್‌ಟ್ರಿನ್ ನಾಲಿಗೆಗೆ ಅಷ್ಟು ಸಿಹಿಯೆನಿಸದಿದ್ದರೂ ರಕ್ತದ ಗ್ಲೂಕೋಸನ್ನು ಬೇಗನೆ ಏರಿಸುತ್ತದೆ. ಬಿಸ್ಕತ್ತಿನಲ್ಲಷ್ಟೇ ಅಲ್ಲ, ಟೊಮೆಟೊ ಸಾಸಿನಲ್ಲಿಯೂ, ಮಕ್ಕಳ ಹಾಲಿಗೆ ಬೆರೆಸುವ ಪುಡಿಯಲ್ಲಿಯೂ ಸಕ್ಕರೆ ಇರುತ್ತದೆ. ಇಂತಹ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವಿಭಾಗದಲ್ಲಿ ಮಾರಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ತಿಳಿಸಿತು.

ಹಾಗಾದರೆ ‘ಶುಗರ್ ಫ್ರೀ’ ಕೊಳ್ಳೋಣವೇ? ಅಂತಹ ಬಿಸ್ಕತ್ತಿನಲ್ಲಿಯೂ ಸಾಮಾನ್ಯವಾಗಿ ಮೈದಾ ಇರುತ್ತದೆ. ಅದು ಜೀರ್ಣವಾಗಿ ಗ್ಲೂಕೋಸೇ ಆಗುತ್ತದೆ. ಸಿಹಿಗಾಗಿ ಬಳಸುವ ಮಾಲ್ಟಿಟಾಲ್ ಅತಿಯಾದರೆ ಹೊಟ್ಟೆಯುಬ್ಬರ, ಭೇದಿ ಉಂಟಾಗಬಹುದು. ತೂಕ ಇಳಿಸಲು ಸುಕ್ರಲೋಸ್, ಆಸ್ಪರ್ಟೇಮ್‌ಗಳಂತಹ ಸಿಹಿಕಾರಕಗಳನ್ನು ಅವಲಂಬಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಲಹೆ ನೀಡಿದೆ.

ಬೆಲ್ಲವಾದರೆ ಬಾಧಕವಿಲ್ಲವೆಂಬ ನಂಬಿಕೆಯೂ ಸಲ್ಲದು. ಚರಕಸಂಹಿತೆಯು ಪ್ರಮೇಹದ ಕಾರಣಗಳಲ್ಲಿ ಸುಖಾಸನ, ಅತಿನಿದ್ರೆಗಳೊಡನೆ ಬೆಲ್ಲದ ತಿನಿಸುಗಳನ್ನೂ ಹೆಸರಿಸಿದೆ. ಮಧುಮೇಹಿಗಳಿಗೆ ಬೆಲ್ಲ, ಜೇನುತುಪ್ಪಗಳೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತವೆ.

ಕೊಳ್ಳುವ ಮುನ್ನ ಪೊಟ್ಟಣದ ಹಿಂಬದಿಯನ್ನು ಓದಿರಿ. ಅಕ್ಷರ ಸಣ್ಣದಾದರೆ ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಓದಿಸಿರಿ. ಅವರಿಗೂ ಅದು ಪಾಠವಾದೀತು. ಹೆಚ್ಚು ತೂಕದ ಪದಾರ್ಥವನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲ ಮೂರರಲ್ಲಿ ಸಕ್ಕರೆಯೋ ಸಿರಪ್ಪೋ ಇದ್ದರೆ ಆ ಪೊಟ್ಟಣವನ್ನು ಅಲ್ಲಿಯೇ ಬಿಡಿರಿ. 100 ಗ್ರಾಂ ತಿನಿಸಿನಲ್ಲಿ 25 ಗ್ರಾಂ ಸಕ್ಕರೆ ಎಂದಿದ್ದರೆ ಅದು ಸುಮಾರು ಆರು ಚಮಚ. ವಯಸ್ಕರು ದಿನವಿಡೀ ಇದನ್ನು ಮೀರದಿರುವುದು ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿತಿ ಇದಕ್ಕಿಂತಲೂ ಕಡಿಮೆ.

ಕೊನೆಯದಾಗಿ ಒಂದು ವಿನಂತಿ. ಹುಟ್ಟುಹಬ್ಬ, ಪುಣ್ಯಸ್ಮರಣೆಗಳ ನಿಮಿತ್ತ ಮಠದ ಮಕ್ಕಳಿಗೆಂದು ಬಿಸ್ಕತ್ತು, ತಂಪುಪಾನೀಯ ತರುವವರ ಭಕ್ತಿ ದೊಡ್ಡದು. ಅದೇ ಹಣದಲ್ಲಿ ಬಾಳೆಹಣ್ಣು, ಹುರಿದ ಶೇಂಗಾ, ಪುಟಾಣಿ, ಮಜ್ಜಿಗೆ ತರಬಹುದು. ದಾಸೋಹವು ಉಣ್ಣುವವರ ಹಸಿವಿನೊಡನೆ ಅವರ ಆರೋಗ್ಯವನ್ನೂ ಕಾಯಬೇಕು. ಮಕ್ಕಳ ನಾಲಿಗೆಗೆ ಇಂದು ನಾವು ಹಚ್ಚಿದ ರುಚಿಯೇ ನಾಳೆ ಅವರ ದೇಹವನ್ನು ಆಳುತ್ತದೆ.