ಮುತ್ಯಾನ ಗದ್ದುಗೆಗೆ ಗ್ರಾನೈಟ್, ಕೇರಿಯವರ ಹೆಣಕ್ಕೆ ಜಾಗವಿಲ್ಲ

ಎಳ್ಳ ಅಮಾವಾಸ್ಯೆ ಬಂತೆಂದರೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೊಲದ ದಾರಿಯಲ್ಲಿ ಕಾರುಗಳು ನಿಲ್ಲುತ್ತವೆ. ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ನೌಕರಿ ಮುಗಿಸಿ ಪೆನ್ಶನ್ ಹಿಡಿದವರು ಬಂದಿರುತ್ತಾರೆ. ಚರಗ ಚೆಲ್ಲಿ, ಭಜ್ಜಿ-ರೊಟ್ಟಿ ಉಂಡು, ಕೈ ತೊಳೆದ ಮೇಲೆ ಕೇಳುವುದು ಒಂದೇ ಮಾತು: "ನಮ್ಮ ಮುತ್ಯಾನ ಅಪ್ಪನ್ನ ಎಲ್ಲಿ ಮಣ್ಣು ಮಾಡ್ಯಾರ?"

ಕೇಳಲಿ. ಅದು ತಪ್ಪು ಅಂತ ನಾವು ಹೇಳುವುದಿಲ್ಲ. ನೌಕರಿಯಲ್ಲಿದ್ದಾಗ ಸಿಗದ ಪುರುಸೊತ್ತು ಈಗ ಸಿಕ್ಕಿದೆ. ನಮ್ಮ ತಕರಾರು ಬೇರೆ.

ಹೊಲ ಇದ್ದವರಿಗೆ ಹಿರಿಯರು ಸಿಗುತ್ತಾರೆ. ಲಿಂಗಾಯತ ಮನೆತನಗಳಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡಿ ಗದ್ದುಗೆ ಕಟ್ಟುವುದು ಹಳೆಯ ರೂಢಿ. ಹೊಲ ಉಳಿದರೆ ಗುರುತೂ ಉಳಿಯಿತು. ಕಾಗದ ಬೇಕೆಂದರೆ ಪಹಣಿ ಇದೆ. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವಲ್ಲ, ಅದಕ್ಕೂ ಹಿಂದಿನದು ಉರ್ದುವಿನಲ್ಲಿದೆ. ಓದಬಲ್ಲ ಮುದುಕರೊಬ್ಬರನ್ನು ಹಿಡಿದರೆ ಆಯಿತು. ಇನ್ನು ಹೆಳವರಿದ್ದಾರೆ. ಹಿಂದೆ ಎತ್ತಿನ ಮೇಲೆ ಕುಳಿತು ಸುಗ್ಗಿ ಮುಗಿದ ಮೇಲೆ ಬರುತ್ತಿದ್ದರು. ನಿಮ್ಮ ಮನೆತನ ಯಾವ ಊರಿಂದ ಎದ್ದು ಬಂತು, ಯಾರಿಗೆ ಯಾರು ಹುಟ್ಟಿದರು ಎಂದು ತಲೆಮಾರುಗಟ್ಟಲೆ ಹಾಡಿ ಹೇಳಿ ಕಾಳು, ಬಟ್ಟೆ ಪಡೆದು ಹೋಗುತ್ತಿದ್ದರು. ಆಗ ಒಂದು ಸೇರು ಜೋಳಕ್ಕೆ ಮುಖ ಸಿಂಡರಿಸಿದ ಮನೆಗಳವರೇ ಈಗ ಹೆಳವರ ಫೋನ್ ನಂಬರ್ ಹುಡುಕುತ್ತಿದ್ದಾರೆ!

ಹೊಲ ಇಲ್ಲದವರ ಮುತ್ಯಾ ಎಲ್ಲಿದ್ದಾನೆ? ಹಳ್ಳದ ದಂಡೆಗೆ, ರಸ್ತೆಯ ಬದಿಗೆ, ಯಾರದೋ ಹೊಲದ ಬದುವಿಗೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ದಂಡೆಯ ಮಣ್ಣಲ್ಲಿ ಮಲಗಿದವರ ಗುರುತಿಗೆ ಇಟ್ಟ ಕಲ್ಲು ಎಷ್ಟು ಹೊತ್ತು ನಿಂತೀತು? 1972ರ ಬರದಲ್ಲಿ ಊರು ಬಿಟ್ಟು ಮುಂಬೈಗೆ ದುಡಿಯಲು ಹೋಗಿ ಅಲ್ಲೇ ತೀರಿಕೊಂಡವರ ಮಾತಂತೂ ಕೇಳಲೇಬೇಡಿ.

ಹೋದ ವರ್ಷ ಅಫಜಲಪುರ ತಾಲೂಕಿನ ಒಂದು ಊರಿನಲ್ಲಿ ನಾವು ಕಣ್ಣಾರೆ ಕಂಡಿದ್ದು: ನಿವೃತ್ತ ಸಾಹೇಬರೊಬ್ಬರು ಹೊಲದಲ್ಲಿನ ಹಳೆಯ ಗದ್ದುಗೆಗೆ ಗ್ರಾನೈಟ್ ಹಾಕಿಸಿ, ಕಬ್ಬಿಣದ ಗೇಟು ಇಡಿಸಿದರು. (ಶಹಾಬಾದ್ ಫರ್ಸಿ ನಮ್ಮ ಜಿಲ್ಲೆಯದೇ ಇರುವಾಗ ಗ್ರಾನೈಟ್ ಯಾಕೋ!) ಅದೇ ವಾರ ದಲಿತ ಕೇರಿಯ ಮುದುಕಿಯೊಬ್ಬಳ ಹೆಣ ಎರಡು ತಾಸು ರಸ್ತೆಯ ಮೇಲೆ ಕಾಯಿತು. ಹಳ್ಳದಲ್ಲಿ ನೀರಿತ್ತು. ಬದುವಿನ ಮಾಲೀಕ "ಈ ಸಲ ಬ್ಯಾಡ್ರಿ" ಅಂದಿದ್ದ.

ಸ್ಮಶಾನವಿಲ್ಲದ ಊರುಗಳಿಗೆ ಜಾಗ ಕೊಡಿ ಎಂದು ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಆದೇಶ ಮಾಡಿದೆ. ಆದೇಶ ಪಾಲನೆಯಾಗಲಿಲ್ಲ ಎಂದು ನ್ಯಾಯಾಂಗ ನಿಂದನೆ ಅರ್ಜಿಯೂ ಬಿತ್ತು. ಸರ್ಕಾರಿ ಜಮೀನು ಇಲ್ಲದ ಕಡೆ ಖಾಸಗಿ ಜಮೀನು ಖರೀದಿಸಿ ಕೊಡಲೂ ದಾರಿ ಇದೆ. ಆದರೆ ಕೇರಿಯವರು, ತಾಂಡಾದವರು ಅರ್ಜಿ ಹಿಡಿದು ಹೋದರೆ "ಸರ್ವೇ ಆಗಬೇಕು, ಮುಂದಿನ ವಾರ ಬಾ" ಎಂಬ ಉತ್ತರ.

ಇನ್ನೊಂದು ಮಾತು. ಸಾಹೇಬರು ಪ್ರಿಂಟ್ ಹಾಕಿಸಿ ಗೋಡೆಗೆ ತೂಗಿಸಿದ ವಂಶವೃಕ್ಷ ನೋಡಿದೆವು. ಆರು ತಲೆಮಾರು, ಬರೀ ಗಂಡಸರು. "ಆಯಿ ತವರೂರು ಯಾವುದ್ರಿ ಕಾಕಾ?" ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. ಪೌತಿ ಖಾತೆ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಬರೆಸುವವರೂ ನಮ್ಮಲ್ಲೇ ಇದ್ದಾರೆ, 2005ರ ಕಾನೂನು ಸಮಪಾಲು ಕೊಟ್ಟ ಮೇಲೂ.

"ಹಿರಿಯರ ವಿಷಯದಾಗ ಜಾತಿ ಯಾಕ ತರ್ತೀರಿ?" ಎಂದು ನಮ್ಮನ್ನು ಬೈಯುವವರಿದ್ದಾರೆ. ಜಾತಿ ನಾವು ತಂದಿದ್ದಲ್ಲ. ಯಾರನ್ನು ಎಲ್ಲಿ ಹೂಳಬೇಕು ಎಂದು ತೀರ್ಮಾನಿಸಿದ ದಿನವೇ ಅದು ಅಲ್ಲಿತ್ತು.

ಪೆನ್ಶನ್ ಹಿರಿಯರೇ, ನಿಮಗೆ ಕಚೇರಿಯ ಭಾಷೆ ಗೊತ್ತು. ಫೈಲು ಯಾವ ಟೇಬಲ್ಲಿನಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂಬುದೂ ಗೊತ್ತು. ಈ ಸಲ ಊರಿಗೆ ಬಂದಾಗ ನಿಮ್ಮೂರಿನ ಕೇರಿಗೆ ಸ್ಮಶಾನ ಇದೆಯೋ ಇಲ್ಲವೋ ಗ್ರಾಮ ಪಂಚಾಯ್ತಿಯಲ್ಲಿ ಕೇಳಿ. ಇಲ್ಲವೆಂದರೆ ತಹಶೀಲ್ದಾರರಿಗೆ ಕೊಡುವ ಅರ್ಜಿ ಕೇರಿಯವರ ಜೊತೆ ಕುಳಿತು ನೀವೇ ಬರೆಯಿರಿ, ಕೆಳಗೆ ನಿಮ್ಮ ಸಹಿಯೂ ಇರಲಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ.