ಕಡತದೊಳಗಿನ ಸಿಪಾಯಿ

ಸೇನೆಗೆ ಸೇರುವ ದಿನ ಹುಡುಗನೊಬ್ಬ ಭರ್ತಿ ಕಚೇರಿಯ ಮೇಜಿನ ಮುಂದೆ ನಿಂತು ಹೇಳಿದ ನಾಲ್ಕು ಸಂಗತಿಗಳು, ಅಂದರೆ ತನ್ನ ಹೆಸರು, ತಂದೆಯ ಹೆಸರು, ಊರು ಮತ್ತು ಹುಟ್ಟಿದ ತೇದಿ, ಆಯುಷ್ಯವಿಡೀ ಅವನ ಬೆನ್ನಿಗಿರುತ್ತವೆ. ಬರೆದುಕೊಳ್ಳುವ ಗುಮಾಸ್ತ ತಮಿಳನಿರಬಹುದು, ಪಂಜಾಬಿಯಿರಬಹುದು. ಬರೆಯುವುದು ಮಾತ್ರ ಇಂಗ್ಲಿಷಿನಲ್ಲಿ, ಕಿವಿಗೆ ಬಿದ್ದಂತೆ. ಮಹಾಲಿಂಗನೆಂಬವನು ಮಾಲಿಂಗನಾಗುತ್ತಾನೆ, ಐತಪ್ಪ ಅಯ್ಯಪ್ಪನಾಗುತ್ತಾನೆ. ಹುಟ್ಟಿದ ದಿನ ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ ಜನವರಿ ಒಂದೋ ಜೂನ್ ಒಂದೋ ಆದೀತು. ಹುಡುಗ ತಲೆಯಾಡಿಸಿ ಸಹಿ ಹಾಕುತ್ತಾನೆ. ಆ ವಯಸ್ಸಿನಲ್ಲಿ ಅಕ್ಷರಕ್ಕಿಂತ ಅನ್ನ ದೊಡ್ಡದು.

ಆ ಹಾಳೆಗೆ ಸೇನೆಯಲ್ಲಿ ಶೀಟ್ ರೋಲ್ ಎಂಬ ಹೆಸರಿದೆ. ಸಿಪಾಯಿ ಲಡಾಖಿನಲ್ಲಿರಲಿ, ನಾಗಾಲ್ಯಾಂಡಿನಲ್ಲಿರಲಿ, ಅವನ ಹಾಳೆ ರೆಜಿಮೆಂಟಿನ ದಾಖಲೆ ಕಚೇರಿಯಲ್ಲಿ ಭದ್ರ. ಮದರಾಸ್ ರೆಜಿಮೆಂಟಿನವರದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಮದರಾಸ್ ಇಂಜಿನಿಯರ್ ಗ್ರೂಪಿನವರದು ಬೆಂಗಳೂರಿನಲ್ಲಿ, ಸಿಗ್ನಲ್ಸಿನವರದು ಜಬಲ್ಪುರದಲ್ಲಿ, ಫಿರಂಗಿದಳದವರದು ನಾಸಿಕದಲ್ಲಿ. ನಿವೃತ್ತಿಯ ಬಳಿಕ ಡಿಫೆನ್ಸ್ ಸೆಕ್ಯೂರಿಟಿ ಕೋರ್ ಸೇರಿ ಮತ್ತೊಂದಷ್ಟು ವರ್ಷ ದುಡಿದವರ ಎರಡನೆಯ ಕಡತ ಕಣ್ಣೂರಿನಲ್ಲಿ. ಹೀಗೆ ಒಬ್ಬನಿಗೇ ಎರಡು ಕಡತಗಳಾಗಿ, ಒಂದರಲ್ಲಿ ಒಂದು ಕಾಗುಣಿತ, ಇನ್ನೊಂದರಲ್ಲಿ ಇನ್ನೊಂದು ಕಾಗುಣಿತ ಕುಳಿತರೆ ಆಶ್ಚರ್ಯವೇನೂ ಇಲ್ಲ.

ದಾಖಲೆಯ ತಪ್ಪು ಎಷ್ಟು ಗಟ್ಟಿಯಾದ ವಸ್ತುವೆಂಬುದನ್ನು ತಿಳಿಯಲು ಸಿಪಾಯಿಯ ಕಥೆಯೇ ಬೇಕೆಂದಿಲ್ಲ. ಜನರಲ್ ವಿ.ಕೆ. ಸಿಂಗ್ ಅವರು 2010ರ ಮಾರ್ಚ್ 31ರಂದು ಭೂಸೇನೆಯ ಮುಖ್ಯಸ್ಥರಾದರು. ಸೇನೆಯ ಒಂದು ಶಾಖೆಯ ದಾಖಲೆಯಲ್ಲಿ ಅವರು ಹುಟ್ಟಿದ್ದು 1951ರ ಮೇ 10ರಂದು. ಇನ್ನೊಂದು ಶಾಖೆಯ ದಾಖಲೆಯಲ್ಲಿ 1950ರ ಮೇ 10ರಂದು. ಮೊದಲನೆಯದಕ್ಕೆ ಮೆಟ್ರಿಕ್ ಪ್ರಮಾಣಪತ್ರದ ಆಧಾರ. ಎರಡನೆಯದಕ್ಕೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶಕ್ಕಾಗಿ ಶಾಲಾ ದಿನಗಳಲ್ಲಿ ತುಂಬಿದ ಅರ್ಜಿಯ ಆಧಾರ. ನಾಲ್ಕು ದಶಕ ಎರಡೂ ತೇದಿಗಳು ಒಂದೇ ಸೇನೆಯೊಳಗೆ ಅಕ್ಕಪಕ್ಕ ಬದುಕಿಕೊಂಡಿದ್ದವು. 2006ರಲ್ಲಿ ವ್ಯತ್ಯಾಸದ ಮಾತು ಬಂತು. ಬಡ್ತಿಯ ಸಮಯದಲ್ಲಿ 2008 ಮತ್ತು 2009ರಲ್ಲಿ ಅವರಿಂದ ಒಪ್ಪಿಗೆಯ ಪತ್ರಗಳನ್ನು ಪಡೆಯಲಾಯಿತು. ಮುಖ್ಯಸ್ಥರ ಅವಧಿ ಮೂರು ವರ್ಷ ಅಥವಾ 62 ವಯಸ್ಸು, ಯಾವುದು ಮೊದಲೋ ಅದು. ಆದ್ದರಿಂದ ಈ ಒಂದು ವರ್ಷದ ಅಂತರಕ್ಕೆ ಬೆಲೆಯಿತ್ತು. ಅವರ ಶಾಸನಬದ್ಧ ದೂರನ್ನು ಸರ್ಕಾರ 2011ರ ಡಿಸೆಂಬರ್ 30ರಂದು ತಳ್ಳಿಹಾಕಿತು. ಅಧಿಕಾರದಲ್ಲಿದ್ದ ಸೇನಾ ಮುಖ್ಯಸ್ಥರು ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2012ರ ಫೆಬ್ರವರಿ 10ರಂದು ಸರ್ಕಾರ ಆ ಡಿಸೆಂಬರಿನ ಆದೇಶವನ್ನು ಹಿಂತೆಗೆದುಕೊಂಡಿತು. ಜನರಲ್ ತಮ್ಮ ಅರ್ಜಿಯನ್ನು ಹಿಂತೆಗೆದುಕೊಂಡರು. ಪ್ರಶ್ನೆ ನಿಜವಾದ ಹುಟ್ಟಿದ ದಿನದ್ದಲ್ಲ, ಸೇವಾ ದಾಖಲೆಯಲ್ಲಿ ಮಾನ್ಯವಾದ ದಿನದ್ದು ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಅವರು ಮೇ 31ರಂದು, 1950ರ ಲೆಕ್ಕದಲ್ಲಿಯೇ, ನಿವೃತ್ತರಾದರು.

ಯಾರ ಪಕ್ಷ ಸರಿ ಎಂಬ ತರ್ಕ ಅಂದು ಪತ್ರಿಕೆಗಳಲ್ಲಿ ಸಾಕಷ್ಟು ನಡೆಯಿತು. ಗಮನಿಸಬೇಕಾದುದು ಬೇರೆ. ಆ ಎರಡೂ ಶಾಖೆಗಳು ಅವರ ಕೈಕೆಳಗೇ ಇದ್ದವು, ದೇಶದ ದೊಡ್ಡ ವಕೀಲರು ಅವರ ಪರವಾಗಿ ನಿಂತಿದ್ದರು. ಆದರೂ ಹುಡುಗನಾಗಿದ್ದಾಗ ತುಂಬಿದ ಒಂದು ಅರ್ಜಿಯ ಮುಂದೆ ನಾಲ್ಕು ನಕ್ಷತ್ರಗಳು ಸೋತವು. ಹೀಗಿರುವಾಗ ಕುಂಬಳೆಯ ಕಡೆಯ ನಿವೃತ್ತ ನಾಯಕನೊಬ್ಬ ಪೋಸ್ಟ್ ಕಾರ್ಡ್ ಬರೆದು ಉತ್ತರಕ್ಕಾಗಿ ಕಾಯುವುದರ ಫಲವೇನೆಂದು ಊಹಿಸಬಹುದು.

ಈ ನಾಡಿನ ಸೈನಿಕನಿಗೆ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. 1956ರ ನವೆಂಬರಿಗೆ ಮೊದಲು ಭರ್ತಿಯಾದವನ ಶೀಟ್ ರೋಲಿನಲ್ಲಿ ಊರಿನ ಮುಂದೆ ದಕ್ಷಿಣ ಕನ್ನಡ ಜಿಲ್ಲೆ, ಮದರಾಸು ರಾಜ್ಯ ಎಂದಿರುತ್ತದೆ. ಆನಂತರದವನದು ಕಣ್ಣೂರು ಜಿಲ್ಲೆ. 1984ರ ಮೇ ತಿಂಗಳ ಬಳಿಕ ಅದೇ ಮನೆ, ಅದೇ ಅಂಗಳ, ಕಾಸರಗೋಡು ಜಿಲ್ಲೆ. ಮನುಷ್ಯ ಕದಲದೆ ಕುಳಿತಿದ್ದಾಗ ವಿಳಾಸ ಎರಡು ಸಲ ಬದಲಾಯಿತು. ಹೆಸರಿನ ಪಾಡು ಅದಕ್ಕಿಂತ ವಿಚಿತ್ರ. ಶಾಲೆಯ ಹಾಜರಿ ಪುಸ್ತಕದಲ್ಲಿ ಕನ್ನಡದ ನಾರಾಯಣ. ಮಲಯಾಳದಲ್ಲಿ ಪಡಿತರ ಚೀಟಿ ಬರೆಯುವವನ ಕೈಯಲ್ಲಿ ನಾರಾಯಣನ್. ಅಲ್ಲಿಂದ ಆಧಾರಿಗೆ ಇಂಗ್ಲಿಷಿನಲ್ಲಿ ಇಳಿಯುವಾಗ ಮನೆಯ ಹೆಸರೊಂದು ಹಿಂದೆ ಅಂಟಿರುತ್ತದೆ. ಸೇನೆಯ ಕಡತದಲ್ಲಿ ಲಕ್ಷ್ಮಿಯಾಗಿರುವ ಹೆಂಡತಿ ಬ್ಯಾಂಕಿನಲ್ಲಿ ಲಕ್ಷ್ಮಿ ಅಮ್ಮ. ಊರಲ್ಲಿ ಯಾರೂ ಇದನ್ನು ತಪ್ಪೆಂದು ಎಣಿಸುವುದಿಲ್ಲ, ಎಣಿಸಬೇಕಾದುದೂ ಇಲ್ಲ. ಆದರೆ ಕಂಪ್ಯೂಟರಿಗೆ ಊರು ಗೊತ್ತಿಲ್ಲ. ರಕ್ಷಣಾ ಪಿಂಚಣಿಗಳೆಲ್ಲ ಸ್ಪರ್ಶ್ ಎಂಬ ಹೊಸ ವ್ಯವಸ್ಥೆಗೆ ಬಂದಮೇಲೆ, ಬ್ಯಾಂಕಿನ ಪರಿಚಯದ ಗುಮಾಸ್ತ ನಕ್ಕು ಬಿಟ್ಟುಬಿಡುತ್ತಿದ್ದ ಒಂದಕ್ಷರದ ವ್ಯತ್ಯಾಸವೂ ಪರದೆಯ ಮೇಲೆ ಎದ್ದು ನಿಲ್ಲುತ್ತದೆ.

ತಿದ್ದುಪಡಿಗೆ ದಾರಿಯಿಲ್ಲವೆಂದಲ್ಲ. ಬಿಡುಗಡೆ ಪುಸ್ತಕ, ಪಿಂಚಣಿ ಆದೇಶ, ಆಧಾರ್, ಶಾಲಾ ಪ್ರಮಾಣಪತ್ರ ಇವುಗಳ ಪ್ರತಿಗಳೊಡನೆ ಅಫಿದವಿತ್ತು ಮಾಡಿಸಿ, ಜಿಲ್ಲಾ ಸೈನಿಕ ಕ್ಷೇಮ ಕಚೇರಿಯ ಮೂಲಕ ದಾಖಲೆ ಕಚೇರಿಗೆ ಅರ್ಜಿ ಹೋಗಬೇಕು. ಹೆಸರು ಬದಲಾವಣೆಯ ಪ್ರಕಟಣೆಯನ್ನು ಪತ್ರಿಕೆಗಳಲ್ಲಿ ಕೊಡಬೇಕಾಗುವುದೂ ಉಂಟು. ದಾಖಲೆ ಕಚೇರಿ ಒಪ್ಪಿದರೆ ‘ಪಾರ್ಟ್ ಟು’ ಆದೇಶ ಹೊರಡಿಸುತ್ತದೆ. ಮದುವೆ, ಮಕ್ಕಳ ಜನನ, ಹೆಸರಿನ ತಿದ್ದುಪಡಿ ಎಲ್ಲಕ್ಕೂ ಸೇನೆಯಲ್ಲಿ ಇದೇ ಮುದ್ರೆ. ಅದರ ಆಧಾರದಿಂದ ಪ್ರಯಾಗರಾಜದ ಪಿಂಚಣಿ ಲೆಕ್ಕಪತ್ರ ಕಚೇರಿ ತಿದ್ದಿದ ಪಿಂಚಣಿ ಆದೇಶವನ್ನು ಕೊಡುತ್ತದೆ. ಹುಟ್ಟಿದ ತೇದಿಯ ವಿಷಯ ಮಾತ್ರ ಕಠಿಣ: ಸೇವೆಯ ಆರಂಭದ ವರ್ಷಗಳಲ್ಲಿ ಕೇಳದೆ, ನಿವೃತ್ತಿ ಹತ್ತಿರವಾದಾಗ ಕೇಳಿದವರಿಗೆ ನ್ಯಾಯಾಲಯಗಳು ಕಿವಿಗೊಟ್ಟದ್ದು ವಿರಳ.

ಕಾಯಿಲೆಯ ದಾಖಲೆಗಳಲ್ಲಿ ಸೈನಿಕನಿಗೆ ಸಿಕ್ಕಿರುವ ಆಸರೆ ಇದಕ್ಕಿಂತ ಬಲವಾದುದು. ಧರ್ಮವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸಿಗ್ನಲ್ಸಿಗೆ ಸೇರಿದರು. ಸುಮಾರು ಒಂಬತ್ತು ವರ್ಷದ ಸೇವೆಯ ಬಳಿಕ, 1994ರಲ್ಲಿ, ಮೂರ್ಛೆರೋಗದ ಕಾರಣದಿಂದ 20 ಶೇಕಡಾ ಅಂಗವೈಕಲ್ಯವೆಂದು ನಮೂದಿಸಿ ಅವರನ್ನು ಕಳುಹಿಸಲಾಯಿತು. ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲವೆಂದು ವೈದ್ಯಕೀಯ ಮಂಡಳಿ ಬರೆದ ಒಂದು ಸಾಲಿನಿಂದ ಅಂಗವೈಕಲ್ಯ ಪಿಂಚಣಿ ತಪ್ಪಿತು. 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಆ ಸಾಲನ್ನು ಒಪ್ಪಲಿಲ್ಲ. ಭರ್ತಿಯ ಸಮಯದ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲವೆಂದಾದರೆ ಆತ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು. ಸಂಬಂಧವಿಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದೇ ಹೊರತು ಸಿಪಾಯಿಯದಲ್ಲ ಎಂದಿತು. ಕಡತದ ಮೌನ ಒಮ್ಮೆಯಾದರೂ ಸಿಪಾಯಿಯ ಪರವಾಗಿ ಮಾತಾಡಿತು, ಹತ್ತೊಂಬತ್ತು ವರ್ಷದ ಬಳಿಕ.

ತಡವಾದುದಕ್ಕೆ ತೆರಬೇಕಾದ ಬೆಲೆಯೂ ಲೆಕ್ಕದಲ್ಲಿದೆ. 1983ರಲ್ಲಿ ಅನಾರೋಗ್ಯದಿಂದ ಬಿಡುಗಡೆಯಾದ ತರ್ಸೇಮ್ ಸಿಂಗ್ 1999ರಲ್ಲಿ ಹೈಕೋರ್ಟಿಗೆ ಹೋದರು. ಹೈಕೋರ್ಟಿನ ಪೀಠ ಹದಿನಾರು ವರ್ಷದ ಬಾಕಿಯನ್ನೂ ಕೊಡಿಸಿತ್ತು. 2008ರಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿಯ ಹಕ್ಕನ್ನು ಉಳಿಸಿ, ಬಾಕಿಯನ್ನು ಅರ್ಜಿಗಿಂತ ಹಿಂದಿನ ಮೂರೇ ವರ್ಷಕ್ಕೆ ಮಿತಿಗೊಳಿಸಿತು. ಉಳಿದ ವರ್ಷಗಳು ಹೋದವು. ಕಾನೂನಿನ ದೃಷ್ಟಿಯಿಂದ ಇದಕ್ಕೆ ಸಮರ್ಥನೆ ಇದ್ದೀತು. ಆದರೆ ಕಾಗದವನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಂಡ ಇಲಾಖೆಯೇ, ಅದನ್ನೆಂದೂ ಕಣ್ಣಾರೆ ಕಾಣದವನ ಮೇಲೆ ತಡಮಾಡಿದೆಯೆಂಬ ಆಕ್ಷೇಪ ಹೊರಿಸುವುದು ನ್ಯಾಯವೆಂದು ತೋರುವುದಿಲ್ಲ.

2007ರ ಕಾಯಿದೆಯಂತೆ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠ ಕೊಚ್ಚಿಯಲ್ಲಿದೆ. ಇಲಾಖೆಯ ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ಸಕಾರಣವಿದ್ದರೆ ತಡವನ್ನು ಮಂಡಳಿ ಮನ್ನಿಸಬಲ್ಲದು. ಆದರೆ ಎಂಬತ್ತರ ಮುದುಕನಿಗೆ ಕೊಚ್ಚಿ ಹತ್ತಿರವಲ್ಲ, ಅಲ್ಲಿಯ ವಕೀಲರೊಡನೆ ಮನೆಮಾತಿನಲ್ಲಿ ಕಷ್ಟ ಹೇಳಿಕೊಳ್ಳುವುದೂ ಸುಲಭವಲ್ಲ. ಅಷ್ಟು ದೂರ ಹೋಗುವ ಪ್ರಸಂಗ ಬಾರದಿರಬೇಕಾದರೆ ಮೊದಲ ಕೆಲಸ ತನ್ನ ಕಡತದಲ್ಲಿ ಏನಿದೆಯೆಂದು ತಿಳಿಯುವುದು. ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ದಾಖಲೆ ಕಚೇರಿಯಿಂದ ತನ್ನದೇ ಶೀಟ್ ರೋಲಿನ ಪ್ರತಿಯನ್ನು ಕೇಳಬಹುದು. ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಕಡತಗಳನ್ನು 25 ವರ್ಷದ ಬಳಿಕ ನಾಶಪಡಿಸುವ ಪದ್ಧತಿ ಇರುವುದರಿಂದ ಅಂಥವರು ಬಿಡುಗಡೆ ಪುಸ್ತಕವನ್ನು ಗೆದ್ದಲಿಗೆ ಬಿಡುವಂತಿಲ್ಲ.

ಪ್ರತಿ ಕೈಗೆ ಬಂದಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಹೆಂಡತಿಯ ಹೆಸರಿನ ಸಾಲನ್ನು. ಅನೇಕ ಹಳೆಯ ಪಿಂಚಣಿ ಆದೇಶಗಳಲ್ಲಿ ಅವಳ ಹೆಸರೇ ಇಲ್ಲ; ಇದ್ದ ಕಡೆಯೂ ಅದು ಅವಳ ಆಧಾರಿನ ಹೆಸರಲ್ಲ. ಗಂಡ ಬದುಕಿರುವಾಗ ಅವನ ಅರ್ಜಿ, ಅವನ ಅಫಿದವಿತ್ತು, ಇಬ್ಬರೂ ಕುಳಿತು ತೆಗೆಸಿದ ಒಂದು ಭಾವಚಿತ್ರ, ಇಷ್ಟರಲ್ಲಿ ಮುಗಿಯುವ ಕೆಲಸ ಅದು. ಅವನು ಹೋದಮೇಲೆ ಅದೇ ಸಾಲನ್ನು ತಿದ್ದಿಸಲು, ಕಡತದ ಲಕ್ಷ್ಮಿಯೂ ಬ್ಯಾಂಕಿನ ಲಕ್ಷ್ಮಿ ಅಮ್ಮನೂ ತಾನೊಬ್ಬಳೇ ಎಂಬುದಕ್ಕೆ ಗ್ರಾಮಾಧಿಕಾರಿಯ ಕಚೇರಿಯಿಂದ ತಾಲೂಕು ಕಚೇರಿಗೆ, ಅಲ್ಲಿಂದ ಸೈನಿಕ ಕ್ಷೇಮ ಕಚೇರಿಗೆ ಅವಳು ಸಾಕ್ಷಿ ಹೊತ್ತು ಅಲೆಯಬೇಕಾಗುತ್ತದೆ. ಅದು ಮುಗಿಯುವವರೆಗೆ ಕುಟುಂಬ ಪಿಂಚಣಿ ಪ್ರಯಾಗರಾಜದಿಂದ ಹೊರಡುವುದಿಲ್ಲ.